ಡ್ಯಾಶ್‌ಕ್ಯಾಮ್ ತಿನ್ನುವುದೆಷ್ಟು, ಘಾಟ್ ತಿನ್ನುವುದೆಷ್ಟು?

ಪ್ರಶ್ನೆ: ನಾವು ಡೊಂಬಿವಲಿಯವರು. ನನ್ನ ತವರು ಧಾರವಾಡ. ನಮ್ಮದು 40 ಯೂನಿಟ್ ಬ್ಯಾಟರಿಯ ಎಲೆಕ್ಟ್ರಿಕ್ ಕಾರು. ಊರಿಗೆ ಹೋಗುವಾಗ ಡ್ಯಾಶ್‌ಕ್ಯಾಮ್ (ದಾರಿಯ ವಿಡಿಯೋ ತೆಗೆಯುವ ಕ್ಯಾಮೆರಾ), ಎರಡು ಫೋನ್ ಚಾರ್ಜರ್, ಅತ್ತೆಯವರ ಇನ್ಸುಲಿನ್ ಇಡುವ ಪುಟ್ಟ ಕೂಲ್ ಬಾಕ್ಸ್, ನನ್ನ ಲ್ಯಾಪ್‌ಟಾಪ್‌ಗೆ ಒಂದು ಚಿಕ್ಕ ಇನ್ವರ್ಟರ್, ಇಷ್ಟೂ ಪ್ಲಗ್ ಆಗಿರುತ್ತವೆ. ಕಳೆದ ಸಲ ಖಾಲಾಪುರ ಟೋಲ್ ನಾಕಾ ದಾಟುವಾಗ ರೇಂಜ್ 190 ಕಿಲೋಮೀಟರ್ ತೋರಿಸುತ್ತಿತ್ತು. ಲೋಣಾವಳ ಮುಟ್ಟುವಷ್ಟರಲ್ಲಿ 140ಕ್ಕೆ ಇಳಿಯಿತು. ನಮ್ಮ ಯಜಮಾನರು ಗಾಬರಿಯಾಗಿ ಎಲ್ಲ ಪ್ಲಗ್ ಕಿತ್ತರು, ಇನ್ಸುಲಿನ್ ಡಬ್ಬಿಯದ್ದೂ ಸೇರಿ. ನಿಜವಾಗಿಯೂ ಇವು ಅಷ್ಟು ಕರೆಂಟ್ ತಿನ್ನುತ್ತವೆಯೇ? ಇನ್ನೊಂದು ವಿಷಯ. ಊರಿಂದ ಬಂದ ಮೇಲೆ ಕಾರು ಐದು ದಿನ ಸೊಸೈಟಿ ಪಾರ್ಕಿಂಗಿನಲ್ಲೇ ಇತ್ತು. ಆರನೇ ದಿನ ಬಾಗಿಲೇ ತೆರೆಯಲಿಲ್ಲ. ನಿಲ್ಲಿಸಿದಾಗ ಬ್ಯಾಟರಿ 70 ಶೇಕಡ ಇತ್ತು! ಈ ಗಣಪತಿ ಹಬ್ಬಕ್ಕೆ ಮತ್ತೆ ಹೊರಟಿದ್ದೇವೆ. ದಾರಿಯಲ್ಲಿ ಚಹಾಕ್ಕೆ ಒಂದು ಕೆಟಲ್ ಇಟ್ಟುಕೊಳ್ಳಬಹುದೇ ಎಂದು ಮಾವನವರೂ ಕೇಳುತ್ತಿದ್ದಾರೆ.

ಉತ್ತರ: ಮೊದಲು ಅತ್ತೆಯವರ ಡಬ್ಬಿಯ ಪ್ಲಗ್ ವಾಪಸ್ ಹಾಕಿ. ಉಳಿದದ್ದು ಆಮೇಲೆ.

ನಿಮ್ಮ ಪ್ರಶ್ನೆಯೊಳಗೆ ಎರಡು ಬೇರೆ ಬೇರೆ ಸಮಸ್ಯೆಗಳಿವೆ. ಖಂಡಾಳ ಘಾಟಿನಲ್ಲಿ ರೇಂಜ್ ಇಳಿದದ್ದಕ್ಕೂ ಈ ಪ್ಲಗ್‌ಗಳಿಗೂ ಸಂಬಂಧವೇ ಇಲ್ಲ ಎನ್ನುವಷ್ಟು ಕಡಿಮೆ. ಕಾರಿನ ಬಾಗಿಲು ತೆರೆಯದೆ ಹೋದದ್ದಕ್ಕೆ ಮಾತ್ರ ಅವುಗಳಲ್ಲೇ ಒಂದು ಕಾರಣವಾಗಿರುವ ಸಾಧ್ಯತೆ ಬಹಳ. ಅಂದರೆ ಕಾರು ಓಡುವಾಗ ಯಾವುದಕ್ಕೆ ಹೆದರಿದಿರೋ ಅದು ನಿರಪರಾಧಿ. ಕಾರು ನಿಂತಾಗ ಯಾವುದನ್ನು ಮರೆತಿರೋ ಅದೇ ಕೈಕೊಟ್ಟಿದೆ.

ಘಾಟಿನ ಲೆಕ್ಕ ನೋಡೋಣ. ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುತ್ತದಲ್ಲ ಯೂನಿಟ್, ಅದನ್ನೇ ಇಲ್ಲೂ ಇಟ್ಟುಕೊಳ್ಳೋಣ. ಸಾವಿರ ವ್ಯಾಟ್‌ನ ಸಾಮಾನು ಒಂದು ಗಂಟೆ ಓಡಿದರೆ ಒಂದು ಯೂನಿಟ್. ನಿಮ್ಮಂಥ ಕಾರು ಸಪಾಟಾದ ಹೆದ್ದಾರಿಯಲ್ಲಿ 80ರ ವೇಗದಲ್ಲಿ, ಎಸಿ ಹಾಕಿಕೊಂಡು, ಒಂದು ಯೂನಿಟ್‌ಗೆ ಸುಮಾರು 7 ಕಿಲೋಮೀಟರ್ ಓಡುತ್ತದೆ. ಅಂದರೆ ಗಂಟೆಗೆ 11 ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ. ಈ ಸಂಖ್ಯೆ ನೆನಪಿರಲಿ.

ಈಗ ನಿಮ್ಮ ಸಾಮಾನುಗಳು. ಡ್ಯಾಶ್‌ಕ್ಯಾಮ್ ಸುಮಾರು 5 ವ್ಯಾಟ್. ಎರಡು ಫೋನ್ ಒಟ್ಟಿಗೆ ಚಾರ್ಜ್ ಆಗುತ್ತಿದ್ದರೆ 30 ವ್ಯಾಟ್. ಕೂಲ್ ಬಾಕ್ಸ್ 50. ಲ್ಯಾಪ್‌ಟಾಪ್ 65, ಇನ್ವರ್ಟರ್‌ನಲ್ಲಿ ಬಿಸಿಯಾಗಿ ಹೋಗುವುದೂ ಸೇರಿ 75 ಅನ್ನಿ. ಎಲ್ಲ ಕೂಡಿದರೆ 160. ದೊಡ್ಡ ಬ್ಯಾಟರಿಯ ಕರೆಂಟ್ ಈ ಸಾಕೆಟ್‌ಗೆ ನೇರವಾಗಿ ಬರುವುದಿಲ್ಲ. ಅದನ್ನು ಮೊದಲು 14 ವೋಲ್ಟ್‌ಗೆ ಇಳಿಸಬೇಕು, ಅಲ್ಲೂ ಸ್ವಲ್ಪ ನಷ್ಟ ಇದೆ. ಹಾಗಾಗಿ 180 ವ್ಯಾಟ್ ಎಂದಿಟ್ಟುಕೊಳ್ಳಿ. ಗಂಟೆಗೆ 0.18 ಯೂನಿಟ್. ಓಡಲು ಬೇಕಾದ 11 ಯೂನಿಟ್‌ನ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಇಡೀ ಆರು ಗಂಟೆ ಎಲ್ಲವನ್ನೂ ಒಂದೂ ಆರಿಸದೆ ಓಡಿಸಿದರೂ ಒಂದು ಯೂನಿಟ್ ಚಿಲ್ಲರೆ. ಏಳೆಂಟು ಕಿಲೋಮೀಟರ್ ರೇಂಜ್. ಅದೂ ಪೂರ್ತಿ ಆಗುವುದಿಲ್ಲ. ಈಗಿನ 5000 ಎಂಎಎಚ್ ಫೋನಿನ ಬ್ಯಾಟರಿಯಲ್ಲಿ ಹಿಡಿಯುವುದೇ 19 ವ್ಯಾಟ್-ಗಂಟೆಯಷ್ಟು. ತುಂಬಿದ ಮೇಲೆ ಅದು ಎಳೆಯುವುದು ನಿಲ್ಲುತ್ತದೆ. ಸೊನ್ನೆಯಿಂದ ನೂರಕ್ಕೆ ಫೋನ್ ಚಾರ್ಜ್ ಮಾಡಿದರೆ ನಿಮ್ಮ ಕಾರು ಕಳೆದುಕೊಳ್ಳುವುದು ಇನ್ನೂರು ಮೀಟರ್‌ಗೂ ಕಡಿಮೆ ದೂರ.

ಹಾಗಾದರೆ ಖಾಲಾಪುರದಿಂದ ಲೋಣಾವಳದವರೆಗೆ 50 ಕಿಲೋಮೀಟರ್ ರೇಂಜ್ ಎಲ್ಲಿ ಹೋಯಿತು?

ನೀವು ಓಡಿದ್ದು ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಅದಕ್ಕೆ ಮೂರು ಯೂನಿಟ್. ಜೊತೆಗೆ ಆ ತುಂಡಿನಲ್ಲಿ ರಸ್ತೆ ಸುಮಾರು 550 ಮೀಟರ್ ಮೇಲಕ್ಕೆ ಹತ್ತುತ್ತದೆ. ನಾಲ್ಕು ಜನ, ಹಬ್ಬದ ಸಾಮಾನು ಎಲ್ಲ ಸೇರಿ ಕಾರಿನ ತೂಕ 1700 ಕಿಲೋ ಎಂದರೆ, ಅದನ್ನು ಅಷ್ಟು ಎತ್ತರಕ್ಕೆ ಎತ್ತಲಿಕ್ಕೇ ಎರಡೂವರೆ ಯೂನಿಟ್ ಬೇಕು. ಇದು ಶಾಲೆಯಲ್ಲಿ ಕಲಿತ ಸರಳ ಗಣಿತ: ತೂಕ, ಗುರುತ್ವ, ಎತ್ತರ, ಮೂರರ ಗುಣಾಕಾರ. ಯಾವ ಕಂಪನಿಯ ಕಾರಾದರೂ ಇದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಒಟ್ಟು ಐದೂವರೆ ಯೂನಿಟ್, ಅಂದರೆ ಸುಮಾರು 40 ಕಿಲೋಮೀಟರ್ ರೇಂಜ್. ಇನ್ನುಳಿದ ಹತ್ತು? ಪರದೆಯ ಮೇಲಿನ ರೇಂಜ್ ಒಂದು ಅಂದಾಜು ಅಷ್ಟೇ. ಈಗ ಸ್ವಲ್ಪ ಹೊತ್ತಿನ ಮುಂಚೆ ಹೇಗೆ ಓಡಿಸಿದಿರೋ ಮುಂದೆಯೂ ಹಾಗೇ ಓಡಿಸುತ್ತೀರಿ ಎಂದುಕೊಂಡು ಕಾರು ಲೆಕ್ಕ ಹಾಕುತ್ತದೆ. ಘಾಟ್ ಹತ್ತಿದ ಮೇಲೆ ಮುಂದೆಯೂ ಘಾಟೇ ಇದೆ ಎಂದುಕೊಳ್ಳುತ್ತದೆ.

ಅದೇ ಅರ್ಧ ಗಂಟೆಯಲ್ಲಿ ನಿಮ್ಮ ಎಲ್ಲ ಪ್ಲಗ್ ಸೇರಿ ತಿಂದದ್ದು 0.09 ಯೂನಿಟ್. ಆರುನೂರು ಮೀಟರ್ ರೇಂಜ್. ಯಜಮಾನರಿಗೆ ಈ ಒಂದು ಸಾಲು ಓದಿ ಹೇಳಿ.

ಇಳಿಯುವಾಗ ಘಾಟಿನ ಕರೆಂಟ್ ವಾಪಸ್ ಬರುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಬರುತ್ತದೆ, ಬ್ರೇಕ್ ಬದಲು ಮೋಟಾರ್ ಹಿಡಿದಾಗ ಒಳ್ಳೆಯ ಪಾಲು ಬ್ಯಾಟರಿಗೆ ಮರಳುತ್ತದೆ. ಆದರೆ ಪುಣೆಯೇ ಸಮುದ್ರ ಮಟ್ಟದಿಂದ 560 ಮೀಟರ್ ಎತ್ತರದಲ್ಲಿದೆ. ಹೋಗುವಾಗ ಹತ್ತಿದ್ದನ್ನು ನೀವು ಇಳಿಯುವುದೇ ಇಲ್ಲ. ಅದಕ್ಕೇ ಮುಂಬೈ ಕಡೆಯಿಂದ ಪುಣೆಗೆ ಹೋಗುವಾಗ ಕಾರು ಜಾಸ್ತಿ ತಿನ್ನುತ್ತದೆ, ಬರುವಾಗ ಕಡಿಮೆ. ಎರಡೂ ಕಡೆ ಪ್ರಯಾಣದ ಸರಾಸರಿ ತೆಗೆಯದೆ ಯಾವ ತೀರ್ಮಾನಕ್ಕೂ ಬರಬೇಡಿ.

ರೇಂಜ್ ಉಳಿಸುವ ಆಸೆ ಇದ್ದರೆ ಕೈ ಹಾಕಬೇಕಾದ ಜಾಗ ಬೇರೆ. ಎಕ್ಸ್‌ಪ್ರೆಸ್‌ವೇಯಲ್ಲಿ 100ರ ಮಿತಿ ಇದೆ ಎಂದು ಎಲ್ಲರೂ 100ರಲ್ಲೇ ಹೋಗುತ್ತಾರೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 80ರ ಬದಲು 100ರಲ್ಲಿ ಹೋದರೆ ನಿಮ್ಮಂಥ ಕಾರಿಗೆ ಕಿಲೋಮೀಟರಿಗೆ ಕಾಲು ಭಾಗದಷ್ಟು ಕರೆಂಟ್ ಜಾಸ್ತಿ ಬೇಕು. ಪುಣೆಯಿಂದ ಕೊಲ್ಹಾಪುರ ಸುಮಾರು 230 ಕಿಲೋಮೀಟರ್. 80ರಲ್ಲಿ ಹೋದರೆ 33 ಯೂನಿಟ್. 100ರಲ್ಲಿ ಹೋದರೆ 41. ನಿಮ್ಮ ಬ್ಯಾಟರಿಯೇ 40! ಪುಣೆಯಲ್ಲಿ ಪೂರ್ತಿ ತುಂಬಿಸಿಕೊಂಡು ಹೊರಟರೂ ಒಂದು ವೇಗದಲ್ಲಿ ಕೊಲ್ಹಾಪುರ ಸಿಗುತ್ತದೆ, ಇನ್ನೊಂದರಲ್ಲಿ ಸಿಗುವುದಿಲ್ಲ. ಎಂಟು ಯೂನಿಟ್ ವ್ಯತ್ಯಾಸ. ಅಷ್ಟರಲ್ಲಿ ಅತ್ತೆಯವರ ಕೂಲ್ ಬಾಕ್ಸ್ ಆರು ದಿನ ಹಗಲು ರಾತ್ರಿ ಓಡುತ್ತಿತ್ತು.

ಎಸಿಯ ವಿಷಯ. ಬಿಸಿಲಲ್ಲಿ ನಿಂತ ಕಾರನ್ನು ತಣ್ಣಗೆ ಮಾಡುವಾಗ ಮೊದಲ ಐದು ಹತ್ತು ನಿಮಿಷ ಅದು ಎರಡು ಮೂರು ಸಾವಿರ ವ್ಯಾಟ್ ಎಳೆಯಬಹುದು, ಆಮೇಲೆ ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಓಡುವಾಗ ಇದು ದೊಡ್ಡ ಪಾಲಲ್ಲ. ಜಾಮ್‌ನಲ್ಲಿ ಸಿಕ್ಕಿಕೊಂಡಾಗ ಮಾತ್ರ ಗಮನಿಸಿ, ಏಕೆಂದರೆ ಆಗ ದೂರ ಸಾಗದೆ ಗಂಟೆ ಕಳೆಯುತ್ತದೆ. ಹಬ್ಬದ ಹಿಂದಿನ ದಿನ ಪನವೇಲಿನ ಹತ್ತಿರ ಎರಡು ಗಂಟೆ ನಿಂತರೆ ಎರಡು ಯೂನಿಟ್, 14 ಕಿಲೋಮೀಟರ್. ಅದಕ್ಕೆ ಹೆದರಿ ಮನೆಯವರನ್ನು ಬೆವರಿಸಬೇಡಿ. ಸುಮ್ನೆ ಲೆಕ್ಕದಲ್ಲಿ ಇಟ್ಟುಕೊಳ್ಳಿ ಅಷ್ಟೇ. ಗಣಪತಿ ಅಂದರೆ ಮಳೆಗಾಲ. ಗಾಜಿನ ಮಂಜು ತೆಗೆಯಲು ಎಸಿ ಬೇಕೇ ಬೇಕು, ವೈಪರ್ ಬೇಕು, ಹೆಡ್‌ಲೈಟ್ ಬೇಕು. ಹಿಂದಿನ ಗಾಜಿನ ಮೇಲೆ ಸಣ್ಣ ಗೆರೆಗಳ ಹಾಗೆ ಕಾಣುತ್ತದಲ್ಲ ಬಿಸಿ ಮಾಡುವ ತಂತಿ, ಅದೊಂದೇ ನಿಮ್ಮ ಎಲ್ಲ ಪ್ಲಗ್‌ಗಳಷ್ಟು ಕರೆಂಟ್ ಎಳೆಯುತ್ತದೆ. ಇವ್ಯಾವುದನ್ನೂ ರೇಂಜ್ ಆಸೆಗೆ ಆರಿಸಬೇಡಿ. ಮಳೆಯಲ್ಲಿ ಕಣ್ಣಿಗೆ ದಾರಿ ಕಾಣುವುದು ಮುಖ್ಯ.

ಇನ್ನು ಬಾಗಿಲು ತೆರೆಯದ ಕತೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನನಗೆ ಬರುವ ಪ್ರಶ್ನೆಗಳಲ್ಲಿ ಜನ ಅತಿ ಹೆಚ್ಚು ಗೊಂದಲಪಡುವುದು ಇಲ್ಲೇ.

ಎಲೆಕ್ಟ್ರಿಕ್ ಕಾರಿನಲ್ಲಿ ಎರಡು ಬ್ಯಾಟರಿ ಇರುತ್ತವೆ. ಕೆಳಗೆ ನೆಲಕ್ಕೆ ಹೊಂದಿಕೊಂಡು ದೊಡ್ಡದು, ನೂರಾರು ವೋಲ್ಟ್‌ನದು. ಬಾನೆಟ್ ಒಳಗೆ ಚಿಕ್ಕದು, ಪೆಟ್ರೋಲ್ ಕಾರಿನಲ್ಲಿ ಇರುವಂಥದ್ದೇ 12 ವೋಲ್ಟ್ ಬ್ಯಾಟರಿ. ಬಾಗಿಲಿನ ಲಾಕ್, ಪರದೆ, ದೀಪ, ಕಂಪ್ಯೂಟರ್, ನಿಮ್ಮ ಸಾಕೆಟ್, ಎಲ್ಲವೂ ಚಿಕ್ಕದರ ಮೇಲೆ ನಡೆಯುತ್ತವೆ. ದೊಡ್ಡದನ್ನು ಕಾರಿಗೆ ಜೋಡಿಸುವ ಸ್ವಿಚ್ಚು ಕೂಡ ಚಿಕ್ಕದರ ಕರೆಂಟ್‌ನಿಂದಲೇ ಮುಚ್ಚಬೇಕು. ಕಾರು ಆನ್ ಇರುವಾಗ ದೊಡ್ಡದು ಚಿಕ್ಕದನ್ನು ತುಂಬಿಸುತ್ತಾ ಇರುತ್ತದೆ. ಆಫ್ ಮಾಡಿ ಲಾಕ್ ಮಾಡಿದಾಗ ಸುರಕ್ಷತೆಗಾಗಿ ಆ ಸಂಪರ್ಕ ಕಡಿದುಹೋಗುತ್ತದೆ. ನಿಮ್ಮ ಸೊಸೈಟಿಯ ಟೆರೇಸಿನ ಟ್ಯಾಂಕಿ ತುಂಬಿ ತುಳುಕುತ್ತಿದ್ದರೂ ವಾಲ್ವ್ ಮುಚ್ಚಿದ್ದರೆ ಬಚ್ಚಲಿನ ಬಕೆಟ್ಟು ಖಾಲಿಯೇ, ಅಲ್ವಾ? ಇಲ್ಲಿ ಆ ವಾಲ್ವ್ ತಿರುಗಿಸಲು ಬಕೆಟ್ಟಿನ ನೀರೇ ಬೇಕು. ಅದಕ್ಕೇ 70 ಶೇಕಡ ಚಾರ್ಜ್ ಇದ್ದ ಕಾರು ಸತ್ತಂತೆ ನಿಂತದ್ದು.

ಆ ಚಿಕ್ಕ ಬ್ಯಾಟರಿ ಎಷ್ಟು ಚಿಕ್ಕದು ಗೊತ್ತೇ? 40 ಆಂಪಿಯರ್-ಗಂಟೆಯದ್ದು ಎಂದರೆ 12 ವೋಲ್ಟ್‌ನಿಂದ ಗುಣಿಸಿ: 480 ವ್ಯಾಟ್-ಗಂಟೆ. ಅರ್ಧ ಯೂನಿಟ್‌ಗಿಂತ ಕಡಿಮೆ. ಲೆಡ್ ಆಸಿಡ್ ಆಗಿದ್ದರೆ ಅದರ ಅರ್ಧದಷ್ಟೇ ಆರಾಮಾಗಿ ಬಳಸಬಹುದು, ಇನ್ನೂ ಆಳಕ್ಕೆ ಇಳಿಸಿದರೆ ಅದರ ಆಯುಷ್ಯವೇ ಕಡಿಮೆಯಾಗುತ್ತದೆ. ಅಲ್ಲಿಗೆ ಉಳಿದದ್ದು 240. ನಿಮ್ಮ 5 ವ್ಯಾಟ್ ಡ್ಯಾಶ್‌ಕ್ಯಾಮ್ ಪಾರ್ಕಿಂಗ್ ಮೋಡ್‌ನಲ್ಲಿ, ಅಂದರೆ ಕಾರು ನಿಂತಾಗಲೂ ವಿಡಿಯೋ ತೆಗೆಯುತ್ತಾ, ನಿಲ್ಲದೆ ಓಡಿದರೆ ಅದು 48 ಗಂಟೆಯ ಮಾಲು. ಪೂರ್ತಿ ಬರಿದಾಗಲು ನಾಲ್ಕು ದಿನ. ನಿಮ್ಮ ಕಾರು ಐದು ದಿನ ನಿಂತಿತ್ತು. ಲೆಕ್ಕ ಸರಿಯಾಗಿ ಕೂಡುತ್ತಿದೆ ನೋಡಿ. ಓಡುವಾಗ ಲೆಕ್ಕಕ್ಕೇ ಬಾರದ ಅದೇ 5 ವ್ಯಾಟ್ ನಿಂತಾಗ ಇಡೀ ಕಾರನ್ನು ಮಲಗಿಸಿತು.

ಕೆಲವು ಕಾರುಗಳು ನಿಂತಿದ್ದಾಗಲೂ ಆಗಾಗ ಎದ್ದು ಚಿಕ್ಕ ಬ್ಯಾಟರಿಯನ್ನು ತಾವೇ ತುಂಬಿಕೊಳ್ಳುತ್ತವೆ. ಎಲ್ಲವೂ ಹಾಗಲ್ಲ. ನಿಮ್ಮದು ಹೇಗೆ ಎಂದು ಕಾರಿನ ಜೊತೆ ಬಂದ ಪುಸ್ತಕದಲ್ಲಿ ನೋಡಿ, ಇಲ್ಲವೇ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ. ಅದಕ್ಕೂ ಮುಂಚೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಸಂಜೆ ಕಾರು ಆಫ್ ಮಾಡಿ ಲಾಕ್ ಮಾಡಿ. ಇಪ್ಪತ್ತು ನಿಮಿಷ ಬಿಟ್ಟು ಬಂದು ಕಿಟಕಿಯಿಂದ ಒಳಗೆ ಇಣುಕಿ. ಡ್ಯಾಶ್‌ಕ್ಯಾಮ್‌ನ ದೀಪ, ಚಾರ್ಜರ್‌ನ ದೀಪ ಇನ್ನೂ ಉರಿಯುತ್ತಿದೆಯೇ? ಉರಿಯುತ್ತಿದ್ದರೆ ಆ ಸಾಕೆಟ್‌ಗೆ ಅಥವಾ ಆ ತಂತಿಗೆ ಸದಾ ಕರೆಂಟ್ ಇದೆ ಎಂದರ್ಥ. ಸಾಕೆಟ್ ಆಗಿದ್ದರೆ ಇಳಿಯುವಾಗ ಪ್ಲಗ್ ತೆಗೆಯುವುದೇ ಉಪಾಯ. ಡ್ಯಾಶ್‌ಕ್ಯಾಮ್ ಅನ್ನು ಫ್ಯೂಸ್ ಬಾಕ್ಸ್‌ಗೆ ನೇರ ಜೋಡಿಸಿದ್ದರೆ, ಹಾಕಿದವರ ಹತ್ತಿರ ಎರಡು ವಿಷಯ ಕೇಳಿ. ಕಾರು ಆನ್ ಇದ್ದಾಗ ಮಾತ್ರ ಕರೆಂಟ್ ಬರುವ ಫ್ಯೂಸಿಗೆ ಅದನ್ನು ಬದಲಿಸಲು ಆಗುತ್ತದೆಯೇ? ಪಾರ್ಕಿಂಗ್ ಮೋಡ್ ಬೇಕೇ ಬೇಕೆಂದರೆ, ವೋಲ್ಟೇಜ್ ಇಳಿದಾಗ ತಾನಾಗಿ ಆರುವ ಕಿಟ್ ಇದೆಯೇ? ಆ ಕಿಟ್ಟನ್ನು 12.2 ವೋಲ್ಟ್‌ಗೆ ಇಟ್ಟರೆ ಒಳ್ಳೆಯದು. ತುಂಬಿದ ಲೆಡ್ ಆಸಿಡ್ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ತೋರಿಸುತ್ತದೆ, 12.2 ಅಂದರೆ ಸುಮಾರು ಅರ್ಧ. 11.8ಕ್ಕೆ ಬಂದರೆ ಬಹುತೇಕ ಮುಗಿಯಿತು.

ಡ್ಯಾಶ್‌ಬೋರ್ಡ್ ಕೆಳಗಿನ ಓಬಿಡಿ ಪೋರ್ಟ್‌ಗೆ, ಅಂದರೆ ಸರ್ವಿಸ್‌ನವರು ಕಾರಿನ ದೋಷ ಓದಲು ಬಳಸುವ ಕಿಂಡಿಗೆ, ಹಾಕುವ ಚಿಕ್ಕ ಡಾಂಗಲ್ ಬಗ್ಗೆಯೂ ಎಚ್ಚರ. ಅದು ತಾನು ತಿನ್ನುವುದು ಅಲ್ಪ. ಆದರೆ ಕಾರಿನ ಕಂಪ್ಯೂಟರ್‌ಗಳನ್ನು ಮಲಗಲು ಬಿಡದೆ ಎಬ್ಬಿಸಿ ಇಡಬಹುದು. ಆಗ ಖರ್ಚು ಹಲವು ಪಟ್ಟು. ಉಪಯೋಗ ಮುಗಿದ ಮೇಲೆ ಕಿತ್ತಿಡಿ.

ಕೂಲ್ ಬಾಕ್ಸ್ ಬಗ್ಗೆ ನನಗೆ ರೇಂಜ್‌ಗಿಂತ ಇನ್ಸುಲಿನ್‌ದೇ ಚಿಂತೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಪುಟ್ಟ ಡಬ್ಬಿಗಳಲ್ಲಿ ಬಹುಪಾಲು ಕಂಪ್ರೆಸರ್ ಇರುವುದಿಲ್ಲ. ಅದರಲ್ಲಿ ಒಂದು ಬಿಲ್ಲೆ, ಒಂದು ಫ್ಯಾನ್ ಅಷ್ಟೇ. ಹೊರಗಿನ ಶಾಖಕ್ಕಿಂತ 15ರಿಂದ 20 ಡಿಗ್ರಿ ಮಾತ್ರ ಇಳಿಸುತ್ತದೆ. ಎಸಿ ಹಾಕಿದ ಕಾರಿನಲ್ಲಿ 25 ಡಿಗ್ರಿ ಇದ್ದರೆ ಒಳಗೆ ಏಳೆಂಟು ಡಿಗ್ರಿ ಬರಬಹುದು, ಚೆನ್ನ. ಸಾತಾರದಲ್ಲಿ ಊಟಕ್ಕೆ ಇಳಿದು ಕಾರನ್ನು ಬಿಸಿಲಲ್ಲಿ ಬಿಟ್ಟರೆ ಒಳಗಿನ ಗಾಳಿ 45, 50 ಮುಟ್ಟುತ್ತದೆ. ಆಗ ಡಬ್ಬಿಯ ಒಳಗೆ 30. ಪ್ಲಗ್ ಹಾಕಿದ್ದೇವಲ್ಲ ಎಂಬ ಧೈರ್ಯ ಆಗ ಸುಳ್ಳಾಗುತ್ತದೆ. ಹಾಗಾಗಿ ಊಟಕ್ಕೆ ಇಳಿದಾಗ ಇನ್ಸುಲಿನ್ ಕೈಯಲ್ಲಿ ಹಿಡಿದೇ ಇಳಿಯಿರಿ. ಡಬ್ಬಿಯನ್ನು ಹಿಂದಿನ ರಾತ್ರಿ ಮನೆಯ ಕರೆಂಟಿನಲ್ಲೇ ತಣ್ಣಗೆ ಮಾಡಿ. ಒಳಗೆ ಐಸ್ ಪ್ಯಾಕ್ ಇಡುವುದಾದರೆ ಬಟ್ಟೆಯಲ್ಲಿ ಸುತ್ತಿ. ಇನ್ಸುಲಿನ್ ಹೆಪ್ಪುಗಟ್ಟಿದರೆ ಅದು ಉಪಯೋಗಕ್ಕೆ ಬರುವುದಿಲ್ಲ. ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಬೇಕು. ಈಗ ಬಳಸುತ್ತಿರುವ ಇನ್ಸುಲಿನ್ ಪೆನ್ನು ಎಷ್ಟು ಶಾಖ ತಡೆಯುತ್ತದೆ ಎಂಬುದು ಅದರ ಚೀಟಿಯಲ್ಲೇ ಬರೆದಿರುತ್ತದೆ, ಡಾಕ್ಟರನ್ನೂ ಕೇಳಿಕೊಳ್ಳಿ.

ಮಾವನವರ ಕೆಟಲ್‌ಗೆ ಬರೋಣ. ಅರ್ಧ ಲೀಟರ್ ನೀರು ಕುದಿಸಲು ಬೇಕಾದದ್ದು ನಷ್ಟ ಎಲ್ಲ ಸೇರಿ ಸುಮಾರು 60 ವ್ಯಾಟ್-ಗಂಟೆ. ಅಂದರೆ ಚಹಾದ ಬೆಲೆ ಅರ್ಧ ಕಿಲೋಮೀಟರ್‌ಗೂ ಕಡಿಮೆ. ಅವರ ಆಸೆ ದುಬಾರಿಯದ್ದೇನಲ್ಲ. ತೊಂದರೆ ಇರುವುದು ಸಾಕೆಟ್‌ನಲ್ಲಿ. ಕಾರಿನ 12 ವೋಲ್ಟ್ ಸಾಕೆಟ್‌ಗೆ ಸಾಮಾನ್ಯವಾಗಿ 10 ಅಥವಾ 15 ಆಂಪ್ ಫ್ಯೂಸ್ ಇರುತ್ತದೆ. ಅಂದರೆ 120ರಿಂದ 180 ವ್ಯಾಟ್ ಅದರ ಮಿತಿ. ಮನೆಯ 1500 ವ್ಯಾಟ್ ಕೆಟಲ್‌ಗೆ 12 ವೋಲ್ಟ್‌ನಲ್ಲಿ 125 ಆಂಪ್ ಬೇಕು. ಆ ಸಾಕೆಟ್‌ನಿಂದ ಅದು ಆಗದ ಮಾತು, ಯಾವ ಇನ್ವರ್ಟರ್ ಹಾಕಿದರೂ ಆಗದು. ಕಾರಿಗೆಂದೇ ಮಾಡಿದ 120 ವ್ಯಾಟ್ ಕೆಟಲ್ ಸಿಗುತ್ತದೆ, ಆದರೆ ಅರ್ಧ ಲೀಟರ್ ಕುದಿಯಲು ಅರ್ಧ ಗಂಟೆ. ಅಷ್ಟು ಹೊತ್ತು ಸಾಕೆಟ್ ತನ್ನ ಮಿತಿಯ ಅಂಚಿನಲ್ಲಿ ಬಿಸಿಯಾಗುತ್ತಾ ಇರುತ್ತದೆ. ಓಡುವ ಕಾರಿನಲ್ಲಿ ಕುದಿಯುವ ನೀರು ಬೇಡವೇ ಬೇಡ. ನಿಲ್ಲಿಸಿ ಮಾಡಿದರೂ ಆ ಹೊತ್ತಿಗೆ ಬೇರೆ ಯಾವ ಪ್ಲಗ್ಗೂ ಆ ಸಾಕೆಟ್‌ನಲ್ಲಿ ಇರಬಾರದು. ನಿಮ್ಮ ಕಾರಿನಲ್ಲಿ ವಿ-ಟು-ಎಲ್ ಸೌಲಭ್ಯ ಇದ್ದರೆ ಮಾತೇ ಬೇರೆ. ಚಾರ್ಜಿಂಗ್ ಬಾಯಿಗೆ ಒಂದು ಅಡಾಪ್ಟರ್ ಹಾಕಿ ಮನೆಯಂಥದ್ದೇ 230 ವೋಲ್ಟ್ ಪಡೆಯುವ ವ್ಯವಸ್ಥೆ ಅದು. 2023ರಲ್ಲಿ ಬಂದ ಹೊಸ ನೆಕ್ಸಾನ್ ಇವಿಯ ಕೆಲವು ಮಾದರಿಗಳಲ್ಲಿ ಇದೆ, ಹ್ಯುಂಡೈ ಐಯಾನಿಕ್ 5ರಲ್ಲಿ 3.6 ಕಿಲೋವ್ಯಾಟ್‌ವರೆಗೂ ಸಿಗುತ್ತದೆ. ಅದರಿಂದ ಮನೆಯ ಕೆಟಲ್ ಎರಡು ನಿಮಿಷದಲ್ಲಿ ನೀರು ಕುದಿಸುತ್ತದೆ. ಅದಿಲ್ಲದಿದ್ದರೆ ಮನೆಯಿಂದ ಒಂದು ಒಳ್ಳೆಯ ಥರ್ಮಾಸ್ ತುಂಬಿಕೊಳ್ಳಿ.

ಒಂದು ಸಾಕೆಟ್‌ಗೆ ಮೂರು ಬಾಯಿಯ ಸ್ಪ್ಲಿಟರ್ ಹಾಕಿದ್ದೀರಿ ಎಂದು ನನ್ನ ಊಹೆ, ಏಕೆಂದರೆ ನೀವು ಹೇಳಿದ ಸಾಮಾನುಗಳು ಬೇರೆ ಹೇಗೂ ಹಿಡಿಯುವುದಿಲ್ಲ. ಬಾಯಿ ಮೂರಾದರೂ ಫ್ಯೂಸ್ ಒಂದೇ. ಕೂಲ್ ಬಾಕ್ಸ್ ಮತ್ತು ಲ್ಯಾಪ್‌ಟಾಪ್ ಒಟ್ಟಿಗೆ ಇದ್ದರೇ 125 ವ್ಯಾಟ್ ಆಯಿತು. 10 ಆಂಪ್ ಫ್ಯೂಸ್‌ಗೆ ಅದೇ ತುತ್ತತುದಿ. ಲ್ಯಾಪ್‌ಟಾಪ್‌ಗೆ ಇನ್ವರ್ಟರ್ ಬಿಟ್ಟು ನೇರ ಟೈಪ್-ಸಿ ಕಾರ್ ಚಾರ್ಜರ್ ತಗೊಳ್ಳಿ, ನಡುವಿನ ನಷ್ಟವೂ ತಪ್ಪುತ್ತದೆ. ಫೋನ್‌ಗಳನ್ನು ಕಾರಿನದ್ದೇ ಯುಎಸ್‌ಬಿಗೆ ಹಾಕಿ. ಅರ್ಧ ಗಂಟೆ ಓಡಿದ ಮೇಲೆ ಪ್ಲಗ್ಗನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಬೆರಳು ಇಡಲಾಗದಷ್ಟು ಬಿಸಿ ಇದ್ದರೆ ಅಥವಾ ಪ್ಲಾಸ್ಟಿಕ್ ವಾಸನೆ ಬಂದರೆ ತಕ್ಷಣ ತೆಗೆಯಿರಿ, ಒಳಗೆ ಸಂಪರ್ಕ ಸಡಿಲ ಇದೆ. ಫ್ಯೂಸ್ ಹೋದರೆ ಅದೇ ಅಳತೆಯದ್ದನ್ನೇ ಹಾಕಿ. ರಸ್ತೆ ಬದಿಯ ಅಂಗಡಿಯಲ್ಲಿ 20 ಆಂಪ್ ಹಾಕಿಕೊಡುತ್ತೇನೆ ಎಂದರೆ ಖಂಡಿತ ಬೇಡ ಎನ್ನಿ. ಆಗ ಫ್ಯೂಸ್ ಬದಲು ತಂತಿ ಸುಡುತ್ತದೆ. ಕಿತ್ತಳೆ ಬಣ್ಣದ ದಪ್ಪ ಕೇಬಲ್ ಎಲ್ಲಿ ಕಂಡರೂ ಅದು ನೂರಾರು ವೋಲ್ಟ್‌ನದು, ಅದರ ಹತ್ತಿರಕ್ಕೂ ಹೊರಗಿನ ಮೆಕ್ಯಾನಿಕ್ ಹೋಗಬಾರದು.

ಟೈರಿಗೆ ಗಾಳಿ ಹಾಕುವ ಪಂಪ್ ಇಟ್ಟುಕೊಂಡಿಲ್ಲವಾದರೆ ಅದನ್ನು ಸೇರಿಸಿಕೊಳ್ಳಿ. 120 ವ್ಯಾಟ್ ಎಳೆಯುತ್ತದೆ, ಆದರೆ ಟೈರಿಗೆ ಐದು ನಿಮಿಷ. ಗಾಳಿ ಕಡಿಮೆ ಇದ್ದ ಟೈರ್ ದಾರಿಯುದ್ದಕ್ಕೂ ತಿನ್ನುವ ಕರೆಂಟ್ ಅದಕ್ಕಿಂತ ಎಷ್ಟೋ ಜಾಸ್ತಿ. ಪಂಪ್ ಓಡಿಸುವಾಗ ಕಾರು ರೆಡಿ ಸ್ಥಿತಿಯಲ್ಲಿ, ಅಂದರೆ ಆನ್ ಆಗಿ ಓಡಲು ಸಿದ್ಧವಾಗಿ, ಇರಲಿ, ಆಗ ಹೊರೆ ಚಿಕ್ಕ ಬ್ಯಾಟರಿಯ ಮೇಲೆ ಬೀಳುವುದಿಲ್ಲ. ನಿಲ್ಲಿಸಿದ ಕಾರಿನಲ್ಲಿ ಕೂತು ಯಾವ ಪ್ಲಗ್ ಬಳಸಿದರೂ ಇದೇ ನಿಯಮ.

ಹೊರಡುವ ಮುಂಚೆ ಚಿಕ್ಕ ಬ್ಯಾಟರಿಯನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಒಂದು ಸಲ ಪೂರ್ತಿ ಬರಿದಾದ ಲೆಡ್ ಆಸಿಡ್ ಬ್ಯಾಟರಿ ಮೊದಲಿನ ಹಾಗೆ ಇರುವುದಿಲ್ಲ. ಧಾರವಾಡದಲ್ಲಿ ಎಂಟು ದಿನ ಕಾರು ಅಂಗಳದಲ್ಲೇ ನಿಲ್ಲುವುದಾದರೆ ದೊಡ್ಡ ಬ್ಯಾಟರಿಯನ್ನು 50, 60 ಶೇಕಡದಲ್ಲಿ ಬಿಡಿ, ಎಲ್ಲ ಪ್ಲಗ್ ತೆಗೆಯಿರಿ, ಡ್ಯಾಶ್‌ಕ್ಯಾಮ್‌ನ ಪಾರ್ಕಿಂಗ್ ಮೋಡ್ ಆರಿಸಿ. ಮತ್ತೆ ಬಾಗಿಲು ತೆರೆಯದೆ ಹೋದರೆ ರಿಮೋಟ್ ಒಳಗೆ ಲೋಹದ ಕೀಲಿ ಇರುತ್ತದೆ, ಚಾಲಕನ ಬಾಗಿಲಿಗೆ ಅದು ಸೇರುತ್ತದೆ. ಎಲ್ಲಿ ಸೇರುತ್ತದೆ ಎಂದು ಈಗಲೇ ಹುಡುಕಿಟ್ಟುಕೊಳ್ಳಿ. ಬೇರೆ ಕಾರಿನಿಂದ ಕೇಬಲ್ ಹಾಕಿ ನಿಮ್ಮ ಚಿಕ್ಕ ಬ್ಯಾಟರಿಗೆ ಜೀವ ಕೊಡಬಹುದು, ಪುಸ್ತಕದಲ್ಲಿ ಹೇಳಿದ ಜಾಗದಲ್ಲೇ ಕ್ಲಿಪ್ ಹಾಕಿ. ಆದರೆ ಊರಲ್ಲಿ ಯಾರಾದರೂ ತಮ್ಮ ಡೀಸೆಲ್ ಗಾಡಿ ಸ್ಟಾರ್ಟ್ ಮಾಡಲು ನಿಮ್ಮ ಕಾರಿನಿಂದ ಕರೆಂಟ್ ಕೇಳಿದರೆ ಕೊಡಬೇಡಿ. ಸ್ಟಾರ್ಟರ್ ಮೋಟಾರಿನ ಆ ಎಳೆತಕ್ಕೆ ನಿಮ್ಮ ಕಾರಿನ ಚಿಕ್ಕ ಬ್ಯಾಟರಿಯನ್ನೂ ಅದನ್ನು ತುಂಬಿಸುವ ಕನ್ವರ್ಟರನ್ನೂ ಮಾಡಿರುವುದಿಲ್ಲ.